ಕ್ರಿಮಿನಲ್ ಪ್ರಕರಣಕ್ಕೆ ವಕೀಲರು: ನಗರದವರೋ, ಆ ನ್ಯಾಯಾಲಯದವರೋ?

ಪ್ರಶ್ನೆ: ನಾನು ನಗರದಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಊರಿನಲ್ಲಿ ಜಮೀನಿನ ಬದುವಿನ ವಿಷಯವಾಗಿ ಪಕ್ಕದ ಜಮೀನಿನವರಿಗೂ ನಮ್ಮ ಮನೆಯವರಿಗೂ ಜಗಳವಾಗಿ ಎರಡೂ ಕಡೆಯವರಿಗೆ ಪೆಟ್ಟಾಗಿದೆ. ಅವರು ಕೊಟ್ಟ ದೂರಿನ ಮೇಲೆ ನನ್ನ ತಂದೆ, ತಮ್ಮ ಮತ್ತು ನನ್ನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 115(2), 118(1), 351(2), 352 ಮತ್ತು 3(5)ನೇ ಕಲಂಗಳಡಿ (ಹೊಡೆತ, ಅಪಾಯಕಾರಿ ಆಯುಧದಿಂದ ಗಾಯ, ಬೆದರಿಕೆ, ಅವಮಾನ, ಸಮಾನ ಉದ್ದೇಶ) ಪ್ರಕರಣ ದಾಖಲಾಗಿದೆ. ಆ ದಿನ ನಾನು ಊರಿನಲ್ಲಿ ಇರಲೇ ಇಲ್ಲ. ಠಾಣೆಗೆ ಹಾಜರಾಗುವಂತೆ ಮೂವರಿಗೂ ನೋಟಿಸು ಬಂದಿದೆ. ಸ್ನೇಹಿತರ ಮೂಲಕ ಪರಿಚಯವಾದ ನಗರದ ವಕೀಲರೊಬ್ಬರಿಗೆ ವಕಾಲತ್ತು ಸಹಿ ಮಾಡಿ ಕೊಟ್ಟಿದ್ದೇವೆ. ಆದರೆ ಸೋದರಮಾವನವರು, ‘ಪೊಲೀಸರೂ ಜಡ್ಜರೂ ಪರಿಚಯ ಇರುವ ತಾಲ್ಲೂಕಿನ ವಕೀಲರನ್ನೇ ಹಿಡಿಯಿರಿ’ ಎನ್ನುತ್ತಿದ್ದಾರೆ. ದೂರುದಾರರ ಸಂಬಂಧಿಯೊಬ್ಬರು ಅಲ್ಲೇ ವಕೀಲರಾಗಿರುವುದರಿಂದ ನಮಗೆ ಯಾರೂ ಸಿಗಲಿಕ್ಕಿಲ್ಲ ಎಂಬ ಭಯವೂ ಇದೆ. ದೋಷಾರೋಪಣ ಪಟ್ಟಿ ಬಂದ ಮೇಲೆ ವಕೀಲರನ್ನು ನೇಮಿಸಿಕೊಂಡರೆ ಆಗುವುದಿಲ್ಲವೇ? ಮೂವರಿಗೂ ಒಬ್ಬರೇ ಸಾಕೇ?

ಉತ್ತರ: ನಿಮ್ಮ ಸೋದರಮಾವನವರ ಸಲಹೆ ಸರಿಯಾಗಿದೆ, ಅದಕ್ಕೆ ಅವರು ಕೊಟ್ಟಿರುವ ಕಾರಣ ಮಾತ್ರ ತಪ್ಪು. ಪ್ರಕರಣ ನಡೆಯುವ ನ್ಯಾಯಾಲಯದಲ್ಲೇ ದಿನನಿತ್ಯ ಕೆಲಸ ಮಾಡುವ ವಕೀಲರು ನಿಮಗೆ ಬೇಕಾಗಿರುವುದು ಅವರಿಗೆ ನ್ಯಾಯಾಧೀಶರ ಪರಿಚಯವಿದೆ ಎಂದಲ್ಲ, ಸಾಕ್ಷಿ ಕಟಕಟೆಗೆ ಬಂದು ನಿಂತ ದಿನ ಅವರು ಅಲ್ಲಿರುತ್ತಾರೆ ಎಂದು. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯ ಅಳಿವು ಉಳಿವು ಬಹುಮಟ್ಟಿಗೆ ಆ ಒಂದೆರಡು ದಿನಗಳ ಮೇಲೆಯೇ ನಿಂತಿರುತ್ತದೆ. ಉಳಿದ ದಿನಗಳೆಲ್ಲ ಹಾಜರಿ ಹಾಕಿ, ಮುಂದಿನ ದಿನಾಂಕ ಬರೆದುಕೊಂಡು ಬರುವ ದಿನಗಳು.

ಆ ದಿನ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂರು ಸಲ ಸಮನ್ಸ್ ಹೋದರೂ ಬಾರದಿದ್ದ ಸಾಕ್ಷಿಯನ್ನು ನಾಲ್ಕನೆಯ ಸಲ ಪೊಲೀಸ್ ಪೇದೆ ಕರೆದುಕೊಂಡು ಬಂದಿರುತ್ತಾರೆ. ಬೆಂಚ್ ಕ್ಲರ್ಕ್ ಪ್ರಕರಣದ ಸಂಖ್ಯೆ ಕೂಗುತ್ತಾರೆ. ಸರ್ಕಾರಿ ಅಭಿಯೋಜಕರು ಮುಖ್ಯ ವಿಚಾರಣೆಯನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕೂರುತ್ತಾರೆ. ನಿಮ್ಮ ವಕೀಲರು ಆ ಹೊತ್ತಿಗೆ ಇನ್ನೂರು ಕಿಲೋಮೀಟರ್ ಆಚೆ ಬೇರೊಂದು ನ್ಯಾಯಾಲಯದಲ್ಲಿ ವಾದ ಮಾಡುತ್ತಿದ್ದಾರೆ. ಅವರ ಪರವಾಗಿ ಬಂದ ಕಿರಿಯರಿಗೆ ಕಡತದ ಪರಿಚಯವಿಲ್ಲ, ಅವರು ಕಾಲಾವಕಾಶ ಕೇಳುತ್ತಾರೆ. ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಇಲ್ಲಿ ಕಟ್ಟುನಿಟ್ಟಾಗಿದೆ: ವಕೀಲರು ಬೇರೆ ನ್ಯಾಯಾಲಯದಲ್ಲಿ ಕಾರ್ಯನಿರತರಾಗಿದ್ದಾರೆ ಎಂಬುದು ವಿಚಾರಣೆ ಮುಂದೂಡಲು ಕಾರಣವಾಗುವುದಿಲ್ಲ, ಸಾಕ್ಷಿ ಹಾಜರಿದ್ದು ವಕೀಲರು ಇಲ್ಲದಿದ್ದರೆ, ಅಥವಾ ಇದ್ದೂ ಸಿದ್ಧರಾಗಿಲ್ಲದಿದ್ದರೆ, ಪಾಟೀಸವಾಲನ್ನು (ಎದುರು ಪಕ್ಷದ ಸಾಕ್ಷಿಗೆ ಹಾಕುವ ಪ್ರಶ್ನೆಗಳನ್ನು) ಬಿಟ್ಟು ಮುಂದೆ ಹೋಗುವ ಅಧಿಕಾರ ನ್ಯಾಯಾಧೀಶರಿಗಿದೆ. ಸಾಕ್ಷ್ಯದ ಹಾಳೆಯ ಕೊನೆಯಲ್ಲಿ ‘ಪಾಟೀಸವಾಲು: ಇಲ್ಲ’ ಎಂದು ಬರೆಸಿದರೆ, ಆ ಸಾಕ್ಷಿ ಹೇಳಿದ್ದೆಲ್ಲ ಯಾರೂ ಪ್ರಶ್ನಿಸದ ಮಾತಾಗಿ ಕಡತದಲ್ಲಿ ಕೂರುತ್ತದೆ. ಸಾಕ್ಷಿಯನ್ನು ಮತ್ತೆ ಕರೆಸಲು 348ನೇ ಕಲಂ ಅಡಿ ಅರ್ಜಿ ಹಾಕಬಹುದು, ನಿಜ. ಆದರೆ ಅದು ಮಂಜೂರಾಗಲೇಬೇಕೆಂದಿಲ್ಲ. ಮಂಜೂರಾಗಿ ಸಾಕ್ಷಿ ಎರಡನೆಯ ಸಲ ಬರುವಾಗ ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡೇ ಬರುತ್ತಾರೆ.

ಇನ್ನೊಂದು ಕಾರಣವೂ ಇದೆ. ಅದನ್ನು ನಾನು ಇನ್ನೂ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ನಿಮ್ಮ ನೆರೆಯವರು ಸಾಕ್ಷಿ ನುಡಿಯುವುದು ಅವರ ಆಡುಮಾತಿನಲ್ಲಿ. ಬದು, ಕಾಲುದಾರಿ, ಹದ್ದುಬಸ್ತು, ಪೋಡಿ, ‘ಮೂಡಲ ದಿಕ್ಕಿನ ಬೇಲಿ’ ಇವೆಲ್ಲ ಸ್ಥಳವನ್ನು ಕಂಡವರಿಗೆ ಕಣ್ಣಿಗೆ ಕಟ್ಟುವ ಮಾತುಗಳು. ಕಾಣದವರಿಗೆ ಬರಿಯ ಪದಗಳು. ಸ್ಥಳ ಮಹಜರಿನಲ್ಲಿ (ಪೊಲೀಸರು ಸ್ಥಳ ನೋಡಿ ಬರೆದ ದಾಖಲೆಯಲ್ಲಿ) ಬರೆದಿರುವ ಜಾಗಕ್ಕೂ ಸಾಕ್ಷಿ ತಾನು ನಿಂತು ನೋಡಿದೆ ಎನ್ನುವ ಜಾಗಕ್ಕೂ ನಡುವೆ ಒಂದು ದಿಬ್ಬವೋ ಕಬ್ಬಿನ ಗದ್ದೆಯೋ ಇದೆ ಎಂಬುದು ಸ್ಥಳಕ್ಕೆ ಒಮ್ಮೆ ಹೋಗಿ ಬಂದ ವಕೀಲರಿಗೆ ಮಾತ್ರ ಹೊಳೆಯುತ್ತದೆ. ಹತ್ತಿರದಲ್ಲಿರುವವರು ಹೋಗಿ ನೋಡುವ ಸಾಧ್ಯತೆ ಹೆಚ್ಚು, ಅಷ್ಟೇ. ಹೋಗದ ಸ್ಥಳೀಯರೂ ಬೇಕಾದಷ್ಟಿದ್ದಾರೆ.

ಪಾಟೀಸವಾಲು ಎಂದರೆ ಜೋರುದನಿಯಲ್ಲಿ ಸಾಕ್ಷಿಯನ್ನು ಬೆದರಿಸುವುದಲ್ಲ. ನಿಮ್ಮದೇ ಪ್ರಕರಣವನ್ನು ತೆಗೆದುಕೊಳ್ಳಿ. ತನಿಖಾಧಿಕಾರಿ ಸುರಕ್ಷಾ ಸಂಹಿತೆಯ 180ನೇ ಕಲಂ ಅಡಿ ಬರೆದುಕೊಂಡ ಹೇಳಿಕೆಯಲ್ಲಿ ಪಕ್ಕದ ಜಮೀನಿನವರು ‘ಮೂವರೂ ಸೇರಿ ಹೊಡೆದರು’ ಎಂದಷ್ಟೇ ಹೇಳಿದ್ದು, ನ್ಯಾಯಾಲಯದಲ್ಲಿ ‘ಮೂರನೇ ಆರೋಪಿ ದೊಣ್ಣೆಯಿಂದ ನನ್ನ ಎಡಗೈಗೆ ಹೊಡೆದರು’ ಎಂದು ನುಡಿದರು ಎಂದುಕೊಳ್ಳಿ. ಇಷ್ಟು ಮುಖ್ಯವಾದ ಸಂಗತಿ ಮೊದಲ ಹೇಳಿಕೆಯಲ್ಲಿ ಇಲ್ಲದಿರುವುದೇ ವೈರುಧ್ಯವಾಗಬಹುದು. ಆದರೆ ಅದು ತಾನಾಗಿಯೇ ನಿಮ್ಮ ಪರವಾಗುವುದಿಲ್ಲ. ಆ ಹೇಳಿಕೆಯತ್ತ ಸಾಕ್ಷಿಯ ಗಮನ ಸೆಳೆದು, ‘ಈ ಮಾತನ್ನು ಪೊಲೀಸರ ಮುಂದೆ ಹೇಳಿಲ್ಲ’ ಎಂದು ನೇರವಾಗಿ ಸೂಚಿಸಬೇಕು. ಮುಂದೆ ತನಿಖಾಧಿಕಾರಿ ಸಾಕ್ಷಿಯಾಗಿ ಬಂದಾಗ, ಸಾಕ್ಷಿ ಹಾಗೆ ಹೇಳಿರಲಿಲ್ಲ ಎಂಬುದನ್ನು ಅವರ ಬಾಯಿಂದ ಹೊರಡಿಸಬೇಕು. ಎರಡನೆಯ ಹೆಜ್ಜೆಯನ್ನು ಮರೆತರೆ ಮೊದಲನೆಯದು ವ್ಯರ್ಥ. ನಾನು ಕಿರಿಯ ವಕೀಲನಾಗಿದ್ದಾಗ ಇದನ್ನು ಒಮ್ಮೆ ಮರೆತು, ವಾದದ ದಿನ ನ್ಯಾಯಾಧೀಶರು ‘ಇದನ್ನು ಎಲ್ಲಿ ಸಾಬೀತುಪಡಿಸಿದ್ದೀರಿ?’ ಎಂದು ಕೇಳಿದಾಗ ತಲೆ ತಗ್ಗಿಸಿದ್ದೇನೆ. ನೀವು ವಕೀಲರಲ್ಲಿ ಹುಡುಕಬೇಕಾದ ಗುಣ ಈ ಬಗೆಯ ಜಾಗರೂಕತೆ.

ಅದನ್ನು ಕಂಡುಹಿಡಿಯುವ ದಾರಿ ಸುಲಭ, ಆದರೂ ಯಾರೂ ಹಿಡಿಯುವುದಿಲ್ಲ. ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ ನ್ಯಾಯಾಲಯದ ಕಲಾಪ ಸಾರ್ವಜನಿಕರಿಗೆ ತೆರೆದಿರುತ್ತದೆ. ಸಾಕ್ಷಿ ವಿಚಾರಣೆ ಇರುವ ಒಂದು ದಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ನೋಡಿ. ಯಾರ ಕೈಯಲ್ಲಿ ಗುರುತು ಹಾಕಿದ ಕಡತವಿದೆ, ಯಾರು ಅಲ್ಲೇ ನಿಂತು ಹಾಳೆ ತಿರುವಿಹಾಕುತ್ತಾರೆ, ಯಾರ ಪ್ರಶ್ನೆಗೆ ಸಾಕ್ಷಿ ಒಂದು ಕ್ಷಣ ತಡೆದು ಉತ್ತರ ಕೊಡುತ್ತಾರೆ ಎಂಬುದು ಮಧ್ಯಾಹ್ನದ ಊಟದ ಹೊತ್ತಿಗೆ ನಿಮಗೇ ತಿಳಿಯುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರಿನಿಂದ ಹುಡುಕಿದರೆ ಅವರು ನಡೆಸುತ್ತಿರುವ ಪ್ರಕರಣಗಳ ಪಟ್ಟಿಯೂ ಸಿಗುತ್ತದೆ. ಸಿವಿಲ್ ದಾವೆಗಳೇ ತುಂಬಿದ್ದರೆ ಅವರು ಒಳ್ಳೆಯವರಾಗಿದ್ದರೂ ನಿಮ್ಮ ಕೆಲಸಕ್ಕಲ್ಲ. ಭೇಟಿಯಾದಾಗ ಎಷ್ಟು ಜಾಮೀನು ಕೊಡಿಸಿದ್ದೀರಿ ಎಂದು ಕೇಳಬೇಡಿ. ಸಾಕ್ಷಿ ವಿಚಾರಣೆಯಿಂದ ತೀರ್ಪಿನವರೆಗೆ ಪೂರ್ತಿ ನಡೆಸಿದ ಪ್ರಕರಣಗಳು ಎಷ್ಟು, ನಮ್ಮ ಪ್ರಕರಣದಲ್ಲಿ ಪಾಟೀಸವಾಲನ್ನು ನೀವೇ ಮಾಡುತ್ತೀರಾ ಅಥವಾ ಕಿರಿಯರಿಗೆ ಬಿಡುತ್ತೀರಾ ಎಂದು ಕೇಳಿ.

‘ಜಡ್ಜರು ನನಗೆ ಗೊತ್ತು’ ಎಂದು ತಾವಾಗಿಯೇ ಹೇಳುವವರ ಕಚೇರಿಯಿಂದ ಎದ್ದು ಬನ್ನಿ. ‘ಅಲ್ಲಿ ಇಲ್ಲಿ ಕೊಡಬೇಕಾಗುತ್ತದೆ’ ಎಂದು ಶುಲ್ಕದ ಮೇಲೆ ಪ್ರತ್ಯೇಕ ಹಣ ಕೇಳಿದರಂತೂ ಒಂದು ಕ್ಷಣವೂ ಕೂರಬೇಡಿ. ಭ್ರಷ್ಟಾಚಾರ ನಿಗ್ರಹ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ನೇರ ಅಪರಾಧ. ಇರುವ ಒಂದು ಪ್ರಕರಣದ ಜೊತೆಗೆ ಇನ್ನೊಂದನ್ನು ತಲೆಗೆ ಕಟ್ಟಿಕೊಂಡಂತಾಗುತ್ತದೆ. ಖುಲಾಸೆಯ ಖಾತರಿ ಕೊಡುವವರನ್ನೂ ನಂಬಬೇಡಿ. ಫಲಿತಾಂಶವನ್ನು ಅವಲಂಬಿಸಿ ಶುಲ್ಕ ನಿಗದಿಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಶುಲ್ಕವನ್ನು ಹಂತವಾರು ಮಾತಾಡಿಕೊಳ್ಳುವುದು ಇಬ್ಬರಿಗೂ ನೆಮ್ಮದಿ: ತನಿಖೆ ಮತ್ತು ಜಾಮೀನಿನವರೆಗೆ ಇಷ್ಟು, ಆರೋಪ ನಿಗದಿಯವರೆಗೆ ಇಷ್ಟು, ಸಾಕ್ಷಿ ವಿಚಾರಣೆ ಮತ್ತು ವಾದಕ್ಕೆ ಇಷ್ಟು, ಮೇಲ್ಮನವಿ ಬಂದರೆ ಅದು ಬೇರೆ. ರಸೀದಿ ಕೇಳುವುದಕ್ಕೆ ಸಂಕೋಚ ಬೇಡ.

ದೋಷಾರೋಪಣ ಪಟ್ಟಿ ಬರಲಿ ಎಂದು ಕಾಯುವ ಯೋಚನೆಯನ್ನು ದಯವಿಟ್ಟು ಬಿಡಿ. ನಿಮ್ಮ ಮಟ್ಟಿಗೆ ಅತ್ಯಂತ ಬೆಲೆಬಾಳುವ ಸಮಯ ಈಗಿನದೇ. ಘಟನೆಯ ದಿನ ನೀವು ಊರಿನಲ್ಲಿ ಇರಲಿಲ್ಲ ಎಂದಿದ್ದೀರಿ. ಅಪರಾಧ ನಡೆದ ಹೊತ್ತಿಗೆ ಬೇರೆಡೆ ಇದ್ದೆ ಎಂಬ ಸಮರ್ಥನೆಯನ್ನು ಹಾಗೆ ಹೇಳುವವರೇ ಸಾಬೀತುಪಡಿಸಬೇಕು, ಅದಕ್ಕೆ ಆಧಾರ ಉಳಿದಿರಬೇಕು. ಕಚೇರಿಯ ಸಿಸಿಟಿವಿ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗಿ ಅದರ ಮೇಲೆ ಹೊಸದು ದಾಖಲಾಗುತ್ತದೆ. ಇಂದೇ ಕಂಪನಿಗೆ ಲಿಖಿತವಾಗಿ ಮನವಿ ಕೊಟ್ಟು ಅದನ್ನು ಉಳಿಸಿಡಲು ಕೇಳಿ. ಹಾಜರಾತಿಯ ದಾಖಲೆ, ಆ ದಿನದ ಯುಪಿಐ ಪಾವತಿಗಳು, ಮೊಬೈಲ್ ಕರೆಗಳ ವಿವರ ಇವನ್ನೂ ಒಟ್ಟುಮಾಡಿ. ವಿದ್ಯುನ್ಮಾನ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿಲ್ಲದಿದ್ದರೆ ಮುಂದೆ ತಕರಾರು ಬರುತ್ತದೆ. ಅದರ ನಮೂನೆಯನ್ನು ವಕೀಲರು ಕೊಡುತ್ತಾರೆ. ಇವನ್ನು ತನಿಖಾಧಿಕಾರಿಗೆ ಈಗಲೇ ಒಪ್ಪಿಸಿ ಹಿಂಬರಹ ಪಡೆದರೆ, ನಿಮ್ಮ ಹೆಸರು ದೋಷಾರೋಪಣ ಪಟ್ಟಿಯಿಂದಲೇ ಕೈಬಿಟ್ಟುಹೋಗುವ ಅವಕಾಶವಿದೆ. ಒಮ್ಮೆ ಪಟ್ಟಿ ಸಲ್ಲಿಕೆಯಾದ ಮೇಲೆ, ಸಾಕ್ಷಿ ವಿಚಾರಣೆಗೆ ಮೊದಲೇ ಆರೋಪಮುಕ್ತಿ ಕೋರುವ ಹಂತದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಅಭಿಯೋಜನೆಯ (ಸರ್ಕಾರದ ಕಡೆಯ) ಕಾಗದಗಳನ್ನಷ್ಟೇ ನೋಡುತ್ತದೆ, ಆರೋಪಿಯ ದಾಖಲೆಗಳನ್ನಲ್ಲ. ಸುಪ್ರೀಂ ಕೋರ್ಟ್ ಇದನ್ನು ದೇಬೇಂದ್ರನಾಥ್ ಪಾಢಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆಗ ನಿಮ್ಮ ಸಿಸಿಟಿವಿ ದೃಶ್ಯ ವಿಚಾರಣೆಯ ಕೊನೆಯ ಹಂತದವರೆಗೆ ಕಾಯಬೇಕಾಗುತ್ತದೆ, ಅಂದರೆ ವರ್ಷಗಟ್ಟಲೆ.

ನಿಮ್ಮ ತಂದೆ ಮತ್ತು ತಮ್ಮನಿಗೂ ಪೆಟ್ಟಾಗಿದೆಯೆಂದಾದರೆ ಆಸ್ಪತ್ರೆಯ ಚೀಟಿ, ಗಾಯದ ಪ್ರಮಾಣಪತ್ರ, ಎಕ್ಸ್‌ರೇ ಇವೆಲ್ಲ ಬೇಕು, ಎದುರು ದೂರನ್ನೂ ತಡಮಾಡದೆ ಕೊಡಬೇಕು. ಅದೇ ಜಗಳದಲ್ಲಿ ಆರೋಪಿಗಳಿಗೆ ಆದ ಗಂಭೀರ ಗಾಯಗಳಿಗೆ ಅಭಿಯೋಜನೆ ವಿವರಣೆ ಕೊಡದಿದ್ದರೆ, ಅದು ಘಟನೆಯ ನಿಜವಾದ ಮೂಲವನ್ನು ಮುಚ್ಚಿಟ್ಟಿರಬಹುದೆಂಬ ಅನುಮಾನಕ್ಕೆ ಎಡೆಯಿದೆ ಎಂದು ಸುಪ್ರೀಂ ಕೋರ್ಟ್ 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಹೇಳಿದೆ. ದೂರುದಾರರ ಗಾಯದ ಪ್ರಮಾಣಪತ್ರದ ಮೇಲೂ ವಕೀಲರ ಕಣ್ಣಿರಬೇಕು. ಈಗಿರುವ 118(1)ಕ್ಕೆ ಗರಿಷ್ಠ ಮೂರು ವರ್ಷದ ಶಿಕ್ಷೆ. ಮೂಳೆ ಮುರಿದಿದೆ ಎಂದು ವೈದ್ಯರು ಬರೆದರೆ ಅದು ತೀವ್ರ ಗಾಯವಾಗಿ 118(2) ಸೇರಿಕೊಳ್ಳಬಹುದು. ಅದಕ್ಕೆ ಕನಿಷ್ಠ ಒಂದು ವರ್ಷದಿಂದ ಹತ್ತು ವರ್ಷ, ಇಲ್ಲವೇ ಜೀವಾವಧಿಯವರೆಗೂ ಶಿಕ್ಷೆಯಿದೆ. ಕಲಂ ಬದಲಾದ ದಿನವೇ ನಿರೀಕ್ಷಣಾ ಜಾಮೀನಿಗೆ ಸುರಕ್ಷಾ ಸಂಹಿತೆಯ 482ನೇ ಕಲಂ ಅಡಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕಾದೀತು. ಅಂಥ ಬದಲಾವಣೆ ನ್ಯಾಯಾಲಯದ ಕಚೇರಿಗೆ ಬಂದ ಸಂಜೆಯೇ ತಿಳಿಯುವುದು ಅಲ್ಲಿ ಓಡಾಡಿಕೊಂಡಿರುವ ವಕೀಲರಿಗೆ, ಅಥವಾ ಅವರ ಗುಮಾಸ್ತರಿಗೆ. ಒಳ್ಳೆಯ ಗುಮಾಸ್ತರಿರುವ ಕಚೇರಿ ಎಂಬುದೂ ಒಂದು ಅರ್ಹತೆಯೇ.

ಠಾಣೆಯ ನೋಟಿಸು ಸುರಕ್ಷಾ ಸಂಹಿತೆಯ 35(3)ನೇ ಕಲಂ ಅಡಿಯದಾಗಿದ್ದರೆ ಅದನ್ನು ನಿರ್ಲಕ್ಷಿಸಬಾರದು. ಹಾಜರಾಗಿ ಸಹಕರಿಸುತ್ತಿರುವವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡವರಿಗೆ ಆ ರಕ್ಷಣೆ ಇಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ವಿಧಿಸಿದ ಕಟ್ಟಳೆ ಇಂದಿಗೂ ನಿಮ್ಮ ಬೆನ್ನಿಗಿದೆ. ಒಂದು ವೇಳೆ ಬಂಧನವಾದರೂ, ಆಯ್ಕೆಯ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ; ಪೊಲೀಸ್ ವಿಚಾರಣೆಯ ನಡುವೆ, ಪೂರ್ತಿ ಹೊತ್ತು ಅಲ್ಲದಿದ್ದರೂ, ಅವರನ್ನು ಭೇಟಿಯಾಗಬಹುದೆಂದು ಸುರಕ್ಷಾ ಸಂಹಿತೆಯ 38ನೇ ಕಲಂ ಹೇಳುತ್ತದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ರಾತ್ರಿ ಹತ್ತಕ್ಕೆ ಠಾಣೆಯ ಬಾಗಿಲಿಗೆ ಬರಬಲ್ಲವರು ಯಾರು ಎಂಬ ಪ್ರಶ್ನೆಗೆ ನಗರದ ವಕೀಲರು ಉತ್ತರವಾಗಲಾರರು. ಠಾಣೆಯಲ್ಲಿ ಬರೆಯದ ಹಾಳೆಗೆ ಸಹಿ ಹಾಕಬೇಡಿ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಪಡೆಯುವಂತಿಲ್ಲ ಎಂದು 181ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಮೂವರಿಗೂ ಒಬ್ಬರೇ ವಕೀಲರು ಸಾಕೇ ಎಂಬುದು ನಿಮ್ಮ ಪ್ರಶ್ನೆಗಳಲ್ಲೆಲ್ಲ ಸೂಕ್ಷ್ಮವಾದದ್ದು. ಮನೆಯವರೆಲ್ಲ ಒಂದೇ ಕಡತದಲ್ಲಿ ಇರಲಿ ಎನಿಸುವುದು ಸಹಜ, ಖರ್ಚೂ ಕಡಿಮೆ. ಆದರೆ ‘ನಾನು ಅಲ್ಲಿ ಇರಲೇ ಇಲ್ಲ’ ಎಂಬ ನಿಮ್ಮ ಸಮರ್ಥನೆಯೂ ‘ಅವರೇ ಮೊದಲು ಕೈ ಎತ್ತಿದರು, ನಾವು ತಡೆದೆವು’ ಎಂಬ ತಂದೆ ಹಾಗೂ ತಮ್ಮನ ಸಮರ್ಥನೆಯೂ ಬೇರೆ ಬೇರೆ. ಅವರು ಜಗಳ ನಡೆದದ್ದನ್ನು ಒಪ್ಪಿಕೊಂಡೇ ಆತ್ಮರಕ್ಷಣೆಯ ಮಾತಾಡಬೇಕು; ನಿಮಗೆ ಅದರ ಗೊಡವೆಯೇ ಬೇಡ. ಎರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲವಾದ್ದರಿಂದ ಒಬ್ಬರೇ ನಡೆಸಲು ಕಾನೂನಿನ ಅಡ್ಡಿಯಿಲ್ಲ. ಆದರೂ ಒಬ್ಬ ಆರೋಪಿಯ ಅನುಕೂಲಕ್ಕಾಗಿ ಕೇಳಿದ ಪ್ರಶ್ನೆಯ ಉತ್ತರ ಇನ್ನೊಬ್ಬರಿಗೆ ಮುಳುವಾಗುವ ಸಂದರ್ಭ ಬರುತ್ತದೆ. ಆದ್ದರಿಂದ ನಿಮಗೆ ಪ್ರತ್ಯೇಕ ವಕೀಲರು ಇರಲಿ ಎಂಬುದೇ ನನ್ನ ಅಭಿಪ್ರಾಯ. ಅವರಿಬ್ಬರಿಗೆ ಒಬ್ಬರು ಸಾಕು. ತಮ್ಮ ನಿಜವಾಗಿ ಏನು ಮಾಡಿದ ಎಂಬುದನ್ನು ವಕೀಲರಿಗೆ ಮುಚ್ಚಿಡದೆ ಹೇಳಲಿ. ಈಗಾಗಲೇ ನಡೆದುಹೋದದ್ದರ ಬಗ್ಗೆ ಕಕ್ಷಿದಾರರು ಹೇಳಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದಕ್ಕೆ ಕಾವಲು. ವಕೀಲರಿಗೆ ಗೊತ್ತಿಲ್ಲದ ಸತ್ಯ ಪಾಟೀಸವಾಲಿನ ನಡುವೆ ಸಾಕ್ಷಿಯ ಬಾಯಿಂದ ಹೊರಬಿದ್ದರೆ ಆಗ ಯಾರೂ ಏನೂ ಮಾಡಲಾಗುವುದಿಲ್ಲ.

ದೂರುದಾರರ ಸಂಬಂಧಿ ವಕೀಲರಾಗಿರುವುದರಿಂದ ಅಲ್ಲಿ ಯಾರೂ ಸಿಗಲಾರರು ಎಂಬ ಭಯ ಸಣ್ಣ ಊರುಗಳಲ್ಲಿ ಪೂರ್ತಿ ಆಧಾರವಿಲ್ಲದ್ದೇನಲ್ಲ. ಆದರೆ ಇಂಥ ಆರೋಪಿಯ ಪರ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಕಾನೂನಿನ ದೃಷ್ಟಿಯಲ್ಲಿ ಶೂನ್ಯವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ಸಂಕೋಚದಿಂದ ಒಬ್ಬರು ಹಿಂದೆ ಸರಿದರೆ ಜಿಲ್ಲಾ ಕೇಂದ್ರದಿಂದಲೋ ಪಕ್ಕದ ತಾಲ್ಲೂಕಿನಿಂದಲೋ ನಿತ್ಯ ಓಡಾಡುವ ದೂರದಲ್ಲಿರುವವರನ್ನು ನೋಡಿ. ‘ಸ್ಥಳೀಯರು’ ಎನ್ನುವುದಕ್ಕೆ ನನ್ನ ಅರ್ಥ ಅಷ್ಟೇ. ಹಣದ ಅಡಚಣೆ ಇರುವ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮೊದಲಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯ ಕಚೇರಿಯಲ್ಲಿ, ಅಥವಾ 15100 ಸಂಖ್ಯೆಗೆ ಕರೆಮಾಡಿ ಕೇಳಬಹುದು.

ರಾಜಿಯ ಮಾತು ಬಂದರೆ ಅದು ವಕೀಲರ ಮೂಲಕವೇ ಆಗಲಿ. ನೀವಾಗಿ ದೂರುದಾರರ ಮನೆಗೆ ಹೋದರೆ ಸಾಕ್ಷಿಯನ್ನು ಬೆದರಿಸಿದಿರಿ ಎಂಬ ಹೊಸ ಆರೋಪ ಸಿದ್ಧವಾಗುತ್ತದೆ. ಎಲ್ಲ ಕಲಂಗಳನ್ನೂ ವಿಚಾರಣಾ ನ್ಯಾಯಾಲಯದಲ್ಲೇ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಕೆಲವಕ್ಕೆ ಸುರಕ್ಷಾ ಸಂಹಿತೆಯ 528ನೇ ಕಲಂ ಅಡಿ ಹೈಕೋರ್ಟಿಗೇ ಹೋಗಬೇಕು.

ನಿಮ್ಮ ನಗರದ ವಕೀಲರ ಉಪಯೋಗವಿರುವುದು ಇಲ್ಲಿಯೇ. ಪ್ರಕರಣ ರದ್ದುಕೋರಿ ಹೈಕೋರ್ಟಿಗೆ ಅರ್ಜಿ, ಕಾನೂನಿನ ಜಟಿಲ ಪ್ರಶ್ನೆ ಇಂಥವು ಅವರ ಕ್ಷೇತ್ರ. ನಿಮ್ಮ ಜಿಲ್ಲೆ ಧಾರವಾಡ ಅಥವಾ ಕಲಬುರಗಿ ಪೀಠದ ವ್ಯಾಪ್ತಿಗೆ ಬರುವುದಾದರೆ ಆ ಪೀಠದಲ್ಲಿ ಕೆಲಸ ಮಾಡುವವರೇ ಎಂದು ಕೇಳಿಕೊಳ್ಳಿ. ಅವರನ್ನು ಉಳಿಸಿಕೊಂಡು ತಾಲ್ಲೂಕಿನ ವಕೀಲರನ್ನೂ ಸೇರಿಸಿಕೊಳ್ಳಬಹುದು, ಆದರೆ ಸಾಕ್ಷಿಯ ದಿನ ಯಾರು ನಿಲ್ಲುತ್ತಾರೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಇಬ್ಬರಿದ್ದಾರೆಂದು ಇಬ್ಬರೂ ಬಾರದೆ ಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಸಹಿ ಮಾಡಿಕೊಟ್ಟ ವಕಾಲತ್ತು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಅದನ್ನು ಇನ್ನೂ ನ್ಯಾಯಾಲಯಕ್ಕೆ ಸಲ್ಲಿಸಿಲ್ಲವಾದರೆ ವಾಪಸು ಕೇಳಿ ಪಡೆಯಿರಿ. ಸಲ್ಲಿಕೆಯಾಗಿದ್ದರೆ ಅವರಿಂದ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕುವುದು ರೂಢಿ. ಕೊಡಲೊಪ್ಪದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಶುಲ್ಕ ಬಾಕಿಯಿದೆ ಎಂದು ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಮಾನಿಸಿದೆ. ಅವರು ಈವರೆಗೆ ಮಾಡಿದ ಕೆಲಸದ ಹಣವನ್ನು ಕೊಟ್ಟು, ನೋಟಿಸಿನ ಮೂಲ ಪ್ರತಿಯನ್ನೂ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನೂ ಕೈಗೆ ತೆಗೆದುಕೊಂಡು, ನೋಟಿಸಿನಲ್ಲಿರುವ ದಿನಾಂಕಕ್ಕೆ ಕನಿಷ್ಠ ಎರಡು ದಿನ ಮೊದಲೇ ಊರಿಗೆ ಹೊರಡಿ.